ಇಂಫಾಲ್ 1944: ಮೂರು ವಾರದ ಬುತ್ತಿ ಕಟ್ಟಿಕೊಂಡು ಹೊರಟವರು

ಪ್ರಶ್ನೆ: 1944ರಲ್ಲಿ ಜಪಾನಿನ ಸೈನ್ಯ ಇಂಫಾಲ್, ಕೊಹಿಮಾದವರೆಗೆ ಬಂದು ವಾಪಸ್ ಹೋಯಿತು. ಅವರು ಕಾದಾಡಿ ಸೋತದ್ದಲ್ಲ, ಹೊಟ್ಟೆಗಿಲ್ಲದೆ ಸೋತದ್ದು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ದನದ ಮಂದೆ ಬೇರೆ ಹೊಡೆದುಕೊಂಡು ಬಂದಿದ್ದರಂತೆ. ಇದು ನಿಜವಾ, ಸುಮ್ನೆ ಕಥೆಯಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ದನದ ವಿಷಯ ಪೂರ್ತಿ ನಿಜ. ಹೊಟ್ಟೆಯ ವಿಷಯ ಮುಕ್ಕಾಲು ನಿಜ. ಆ ಉಳಿದ ಕಾಲು ಪಾಲೇ ಮುಖ್ಯ ಅಂತ ನನ್ನ ಅಭಿಪ್ರಾಯ.

ದಾಳಿ ಮಾಡಿದ್ದು ಜಪಾನಿನ 15ನೇ ಸೈನ್ಯ. ಅದರ ಮುಖ್ಯಸ್ಥ ಜನರಲ್ ಮುತಾಗುಚಿ. ಕೈಕೆಳಗೆ 3 ಡಿವಿಷನ್, ಸುಮಾರು 85,000 ಜನ. ಮಾರ್ಚ್‌ನಲ್ಲಿ ಬರ್ಮಾದ ಚಿಂದ್ವಿನ್ ನದಿ ದಾಟಿ, ಬೆಟ್ಟ ಕಾಡು ಹತ್ತಿ ಇಳಿದು, ಮಳೆ ಹಿಡಿಯುವ ಮೊದಲೇ ಇಂಫಾಲ್ ಹಿಡಿಯಬೇಕು ಅನ್ನುವುದು ಲೆಕ್ಕ. ಜೊತೆಗೆ ಕಟ್ಟಿಕೊಂಡದ್ದು ಸುಮಾರು 3 ವಾರದ ಆಹಾರ. ಆಮೇಲೆ? ಆಮೇಲೆ ಬ್ರಿಟಿಷರ ಉಗ್ರಾಣ ಇದೆಯಲ್ಲ!

ಈಗ ಕೇಳಿದರೆ ನಗು ಬರುತ್ತದೆ. ಆದರೆ ಎರಡು ವರ್ಷದ ಹಿಂದೆ ಮಲಯಾದಲ್ಲಿ (ಇವತ್ತಿನ ಮಲೇಷ್ಯಾದ ಕಡೆ) ಇದೇ ಲೆಕ್ಕ ನಡೆದಿತ್ತು. ಬ್ರಿಟಿಷರು ಬಿಟ್ಟು ಓಡಿದ ಸಾಮಾನನ್ನು ಜಪಾನಿನ ಸೈನಿಕರು 'ಚರ್ಚಿಲ್ ರೇಷನ್' ಅಂತ ಕರೆದು ತಿಂದಿದ್ದರು. ಈ ಸಲವೂ ಅವರು ಓಡುತ್ತಾರೆ ಅಂದುಕೊಂಡದ್ದೇ ಎಡವಟ್ಟಾಯಿತು.

ಇನ್ನು ದನ. ಚೆಂಗೀಸ್ ಖಾನನ ಸೈನ್ಯ ಪ್ರಾಣಿಗಳನ್ನು ಹೊಡೆದುಕೊಂಡೇ ಹೋಗುತ್ತಿತ್ತಲ್ಲ, ನಾವೂ ಹಾಗೆ ಮಾಡೋಣ ಅಂತ ಮುತಾಗುಚಿಗೆ ಹೊಳೆಯಿತು. ಎತ್ತು ದಾರಿಯುದ್ದಕ್ಕೂ ಮೂಟೆ ಹೊರುತ್ತದೆ, ಮೂಟೆ ಖಾಲಿಯಾದ ಮೇಲೆ ಅದೇ ಊಟ. ಬರ್ಮಾದ ಹಳ್ಳಿಗಳಿಂದ ಸಾವಿರಾರು ದನ ಸೇರಿಸಿದರು. ನಮ್ಮ ಕಡೆಯ ರೈತರನ್ನು ಕೇಳಿದ್ದರೆ ಅಲ್ಲೇ ಬೇಡ ಅನ್ನುತ್ತಿದ್ದರು. ಗಾಡಿ ಎತ್ತು ಬೇರೆ, ಹೇರೆತ್ತು ಬೇರೆ. ಲಂಬಾಣಿಗರು ಎತ್ತಿನ ಬೆನ್ನ ಮೇಲೆ ದವಸ ಹೇರಿ ಸೈನ್ಯಗಳಿಗೆ ಮುಟ್ಟಿಸುತ್ತಿದ್ದರು, ನಿಜ. ಮೈಸೂರಿನ ಅಮೃತಮಹಲ್ ದನಗಳಿಗೆ ಹೆಸರು ಬಂದದ್ದೂ ಸೈನ್ಯದ ಸಾಗಣೆಯಿಂದಲೇ. ಆದರೆ ಅವೆಲ್ಲ ಆ ಕೆಲಸಕ್ಕೇ ಪಳಗಿದ ದನ. ನೊಗಕ್ಕೆ ಕಟ್ಟಿ ಅಭ್ಯಾಸವಾದ ಎತ್ತಿನ ಬೆನ್ನಿಗೆ ಮೂಟೆ ಬಿಗಿದು, ಕಾಲುದಾರಿಯಲ್ಲಿ ಬೆಟ್ಟ ಹತ್ತಿಸಿದರೆ ಏನಾಗಬೇಕೋ ಅದೇ ಆಯಿತು. ಎಷ್ಟೋ ದನ ಚಿಂದ್ವಿನ್ ನದಿಯಲ್ಲೇ ಕೊಚ್ಚಿಹೋದವು. ಎಷ್ಟೋ ದನ ಕಾಲು ಜಾರಿ ಕಣಿವೆಗೆ ಬಿದ್ದವು. ಬೆನ್ನ ಮೇಲಿದ್ದ ಅಕ್ಕಿ, ಗುಂಡು ಕೂಡ ಜೊತೆಗೇ ಹೋಯಿತು.

ಈಗ ಆ ಕಾಲು ಪಾಲು. ಮೂರು ವಾರದ ಬುತ್ತಿ ಮುಗಿಯಬೇಕಾದರೆ ಯಾರಾದರೂ ಮೂರು ವಾರ ಬಾಗಿಲು ಹಿಡಿದು ನಿಲ್ಲಬೇಕಲ್ವಾ? ಬ್ರಿಟಿಷ್ ಇಂಡಿಯಾದ 14ನೇ ಸೈನ್ಯದ ಜನರಲ್ ಸ್ಲಿಮ್ ಗಡಿಯಲ್ಲಿ ಕಾದಾಡಲಿಲ್ಲ. ತನ್ನ ಡಿವಿಷನ್‌ಗಳನ್ನು ಇಂಫಾಲಿನ ಬಯಲಿಗೆ ಹಿಂದೆ ಕರೆಸಿಕೊಂಡ. ಎದುರಾಳಿ ಇಷ್ಟೂ ಬೆಟ್ಟ ದಾಟಿ ಸುಸ್ತಾಗಿ ಬರಲಿ ಅನ್ನುವುದು ಯೋಜನೆ. ಇದರಲ್ಲಿ ಅವನೂ ತಪ್ಪಿದ. ಇಂಫಾಲಿಗೆ ಬರುವ ರಸ್ತೆಯ ಮೇಲಿದ್ದ ಕೊಹಿಮಾಕ್ಕೆ ಒಂದು ರೆಜಿಮೆಂಟ್, ಅಂದರೆ ಡಿವಿಷನ್ನಿನ ಸುಮಾರು ಮೂರನೇ ಒಂದು ಪಾಲು, ಬಂದೀತು ಅಂದುಕೊಂಡಿದ್ದ, ಬಂದದ್ದು ಜನರಲ್ ಸಾತೋನ ಇಡೀ 31ನೇ ಡಿವಿಷನ್. ಅಲ್ಲಿದ್ದವರು ಸುಮಾರು 2,500 ಜನ, ಅದರಲ್ಲೂ ಎಷ್ಟೋ ಜನ ಬಂದೂಕು ಹಿಡಿಯುವವರೇ ಅಲ್ಲ. ಏಪ್ರಿಲ್‌ನಲ್ಲಿ ಎರಡು ವಾರ ಅವರು ಒಂದು ದಿಣ್ಣೆಯ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಈ ತುದಿಯಲ್ಲಿ ಇವರು, ಆ ತುದಿಯಲ್ಲಿ ಅವರು. ಚೆಂಡಿನ ಬದಲು ಗ್ರೆನೇಡ್ ಹಾರುತ್ತಿತ್ತು. ಕುಡಿಯುವ ನೀರಿಗೂ ತತ್ವಾರ. ಅಲ್ಲಿ ಕಳೆದ ಒಂದೊಂದು ದಿನವೂ ಸಾತೋನ ಅಕ್ಕಿಯಲ್ಲಿ ಒಂದೊಂದು ದಿನ ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೊಹಿಮಾದಿಂದ 46 ಮೈಲಿ ಇಳಿದರೆ ದಿಮಾಪುರ. ಅಲ್ಲಿ ರೈಲು ನಿಲ್ದಾಣ, ಜೊತೆಗೆ 11 ಮೈಲಿ ಉದ್ದ, 1 ಮೈಲಿ ಅಗಲದ ಉಗ್ರಾಣ. ಅಕ್ಕಿಯಿಂದ ಮದ್ದುಗುಂಡಿನವರೆಗೆ ಎಲ್ಲ ಅಲ್ಲಿತ್ತು, ಕಾವಲಿಗೆ ಸೈನ್ಯ ಮಾತ್ರ ಕಡಿಮೆ. ಸಾತೋ ಕೊಹಿಮಾಕ್ಕೆ ಒಂದಿಷ್ಟು ಜನರನ್ನು ಬಿಟ್ಟು ದಿಮಾಪುರಕ್ಕೆ ನುಗ್ಗಿದ್ದರೆ? ಸ್ಲಿಮ್‌ಗೆ ಇದೇ ಭಯವಿತ್ತು. ಮುತಾಗುಚಿಗೂ ಆಸೆಯಿತ್ತು. ಮೇಲಿನವರು ಒಪ್ಪಲಿಲ್ಲ.

ಮೇ ಕೊನೆಗೆ ಸಾತೋ ಅಪ್ಪಣೆಗೂ ಕಾಯದೆ ತನ್ನ ಡಿವಿಷನ್ ವಾಪಸ್ ತಿರುಗಿಸಿದ. ಜಪಾನಿನ ಸೈನ್ಯದಲ್ಲಿ ಇದು ಊಹಿಸಲೂ ಆಗದ ಮಾತು. ಆ ಹೊತ್ತಿಗೆ ಮಳೆ ಹಿಡಿದಿತ್ತು. ಮಲೇರಿಯಾ, ರಕ್ತಭೇದಿ, ಕೆಸರು. ಜುಲೈನಲ್ಲಿ ಉಳಿದವರಿಗೂ ಹಿಂದಿರುಗುವ ಅಪ್ಪಣೆ ಬಂತು. ಸತ್ತವರು ಸುಮಾರು 30,000, ಅದರಲ್ಲಿ ಗುಂಡಿಗಿಂತ ಹಸಿವಿಗೆ, ಕಾಯಿಲೆಗೆ ಸತ್ತವರೇ ಜಾಸ್ತಿ. ವಾಪಸ್ ಹೋದ ದಾರಿಯನ್ನು ಸೈನಿಕರು 'ಬಿಳಿ ಮೂಳೆಗಳ ದಾರಿ' ಅಂದರು. ಜಪಾನಿನವರ ಜೊತೆಗೆ ಬಂದಿದ್ದ ಸುಭಾಷ್ ಬೋಸರ ಆಜಾದ್ ಹಿಂದ್ ಫೌಜಿನವರ ಪಾಡೂ ಅಷ್ಟೇ, ಅವರ ಊಟವೂ ಜಪಾನಿನವರ ಕೈಯಲ್ಲೇ ಇತ್ತು.

ಪ್ರಶ್ನೆ: ಇಂಫಾಲ್ ಕೂಡ ಮೂರು ತಿಂಗಳು ಸುತ್ತುವರಿದಿತ್ತಲ್ಲ, ಒಳಗಿದ್ದವರು ಬದುಕಿದ್ದು ಹೇಗೆ? ವಿಮಾನದಲ್ಲಿ ಊಟ ತಂದರು ಅನ್ನುವುದಾದರೆ, ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರೂ ಅದನ್ನೇ ಮಾಡಿ ಕೆಟ್ಟರಲ್ಲ?
– ಹುಬ್ಬಳ್ಳಿಯ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ. ಸ್ಟಾಲಿನ್‌ಗ್ರಾಡಿನಲ್ಲಿ ಸಿಕ್ಕಿಬಿದ್ದ ಜರ್ಮನ್ 6ನೇ ಸೈನ್ಯಕ್ಕೆ ದಿನಕ್ಕೆ ಏನಿಲ್ಲವೆಂದರೂ 300 ಟನ್ ಬೇಕಿತ್ತು. ಸರಾಸರಿ ಸಿಕ್ಕಿದ್ದು ಸುಮಾರು 100 ಟನ್. ಚಳಿಗೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ, ಆಕಾಶದಲ್ಲಿ ರಷ್ಯನ್ನರ ಕಾಟ. 1943ರ ಜನವರಿಯಲ್ಲಿ ಒಳಗಿದ್ದ ವಿಮಾನ ನಿಲ್ದಾಣಗಳು ಒಂದೊಂದಾಗಿ ಕೈಬಿಟ್ಟ ಮೇಲೆ ಕಥೆ ಮುಗಿಯಿತು.

ಇಂಫಾಲಿಗೆ ರಸ್ತೆ ಕಡಿದದ್ದು ಮಾರ್ಚ್ ಕೊನೆಗೆ, ಮತ್ತೆ ತೆರೆದದ್ದು ಜೂನ್ 22ಕ್ಕೆ. ಒಳಗೆ ಒಂದೂವರೆ ಲಕ್ಷದಷ್ಟು ಜನ. ಆದರೆ ಬಯಲಿನಲ್ಲಿ 6 ರನ್‌ವೇ ಇದ್ದವು. ಅದರಲ್ಲಿ ಇಂಫಾಲ್, ಪಲೇಲ್ ಎರಡೂ ಮಳೆಗಾಲಕ್ಕೂ ತಡೆಯುವಂಥವು. ಆಕಾಶವಂತೂ ಇವರದೇ. ಇನ್ನೊಂದು ಜಾಣತನ ಮಾಡಿದರು: ತಿನ್ನುವ ಬಾಯಿ ಕಡಿಮೆ ಮಾಡಿದರು. ಸಾಮಾನು ಇಳಿಸಿದ ವಿಮಾನ ಖಾಲಿ ಹೋಗುತ್ತಿರಲಿಲ್ಲ. ಗಾಯಾಳುಗಳು, ಕೂಲಿಯಾಳುಗಳು, ಯುದ್ಧಕ್ಕೆ ಬೇಡದವರೆಲ್ಲ ಅದರಲ್ಲೇ ಹೊರಗೆ. ಉಳಿದವರಿಗೆ ರೇಷನ್ ಕಡಿತ.

ವಿಮಾನ ಎಲ್ಲಿಂದ ಬಂತು? ಒಂದಿಷ್ಟು ಕಡ ತಂದದ್ದು. ಹಿಮಾಲಯ ದಾಟಿ ಚೀನಾಕ್ಕೆ ಹೋಗುತ್ತಿದ್ದ ಅಮೆರಿಕದ ವಿಮಾನಗಳಲ್ಲಿ ಕೆಲವನ್ನು ಈ ಭಾಗದ ಮಿತ್ರಪಡೆಗಳ ಮುಖ್ಯಸ್ಥ ಮೌಂಟ್‌ಬ್ಯಾಟನ್ ಮೇಲಿನಿಂದ ಒಪ್ಪಿಗೆ ಬರುವ ಮೊದಲೇ ಇತ್ತ ತಿರುಗಿಸಿದ. ಅವುಗಳಲ್ಲಿ ಬರ್ಮಾದ ಕರಾವಳಿಯ ಅರಕಾನಿನಲ್ಲಿ ಕಾದಾಡುತ್ತಿದ್ದ 5ನೇ ಇಂಡಿಯನ್ ಡಿವಿಷನ್ ಅನ್ನು ಫಿರಂಗಿ, ಜೀಪು, ಹೇಸರಗತ್ತೆ ಸಮೇತ ಹಾರಿಸಿ ತಂದರು.

ನನಗೆ ಜಾಸ್ತಿ ಇಷ್ಟವಾಗುವುದು ಗೋಣಿಯ ಕಥೆ. ವಿಮಾನ ಇಳಿಯಲಾಗದ ಕಡೆ ಪ್ಯಾರಾಚೂಟ್ ಕಟ್ಟಿ ಮೂಟೆ ಎಸೆಯಬೇಕು. ಪ್ಯಾರಾಚೂಟೇ ಸಾಲದು. ಸ್ಲಿಮ್ ಕಲ್ಕತ್ತದ ಸೆಣಬಿನ ಗಿರಣಿ ಮಾಲೀಕರನ್ನು ಕೇಳಿಕೊಂಡ. ಸುಮಾರು ಹತ್ತು ದಿನದಲ್ಲಿ ಸೆಣಬಿನ ಪ್ಯಾರಾಚೂಟ್ ತಯಾರು. ಬೆಲೆ ಮಾಮೂಲಿಯದಕ್ಕೆ 20 ಪೌಂಡ್ ಮೇಲಾದರೆ ಇದಕ್ಕೆ 1 ಪೌಂಡ್ ಚಿಲ್ಲರೆ. ಮನುಷ್ಯರು ನೆಚ್ಚಿಕೊಂಡು ಹಾರುವಂಥದ್ದಲ್ಲ, ಆದರೆ ಅಕ್ಕಿಮೂಟೆಗೆ ಧಾರಾಳ ಸಾಕು. ಇದಕ್ಕೆ ಮೇಲಿನ ಕಚೇರಿಯಿಂದ ಸ್ಲಿಮ್‌ಗೆ ಸಿಕ್ಕಿದ್ದು ಛೀಮಾರಿ: ಸರಿಯಾದ ದಾರಿಯಲ್ಲಿ ಇಂಡೆಂಟ್ ಹಾಕಿ ತರಿಸಿಲ್ಲ ಅಂತ!

ಬೆಂಗಳೂರಿನ ಪಾಲೂ ಸ್ವಲ್ಪ ಇದೆ. ಇವತ್ತಿನ ಎಚ್‌ಎಎಲ್ ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಈ ಭಾಗದಲ್ಲಿ ಹಾರುತ್ತಿದ್ದ ಅಮೆರಿಕದ ವಿಮಾನಗಳು, ಸಾಮಾನು ಸಾಗಿಸುವ ಡಕೋಟಾಗಳೂ ಸೇರಿ, ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು.