ಮನೆ ಹಿಂದಿನ ಕಾಡು ಹಾಗೇ ಇರುತ್ತಾ? ಮೊದಲು ಕೌಂಟಿ ಪ್ಲಾನ್ ನೋಡಿ

ಅಮೆರಿಕದ ವರ್ಜೀನಿಯಾದ ಆ್ಯಶ್‌ಬರ್ನ್ ಹತ್ತಿರ ಹೊಸ ಮನೆ ನೋಡಿದ್ದೀವಿ, ಹಿಂದೆ ಕಾಡಿದೆ ಅಂತ ಬಿಲ್ಡರ್ ಲಾಟ್ ಪ್ರೀಮಿಯಂ (ಒಳ್ಳೆಯ ನಿವೇಶನಕ್ಕೆ ಕೊಡುವ ಹೆಚ್ಚುವರಿ ಹಣ) ಜಾಸ್ತಿ ಕೇಳ್ತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ದುಡ್ಡು ಕೊಡುವ ಮೊದಲು ಆ ಕಾಡು ಯಾರದ್ದು, ಅಲ್ಲಿ ಏನು ಕಟ್ಟಬಹುದು ಅಂತ ತಿಳಿದುಕೊಳ್ಳಿ. ಸೇಲ್ಸ್ ಆಫೀಸಿನವರ ಬಾಯಿಮಾತು ಸಾಲದು.

ಆ್ಯಶ್‌ಬರ್ನ್ ಇರುವುದು ಲೌಡನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಇಲ್ಲಿ 1990ರಲ್ಲಿ ಇದ್ದವರು ಸುಮಾರು 86 ಸಾವಿರ ಜನ. 2020ರ ಜನಗಣತಿಯಲ್ಲಿ ಸುಮಾರು 4 ಲಕ್ಷ 21 ಸಾವಿರ. ಇಷ್ಟು ಜನಕ್ಕೆ ಮನೆ, ರಸ್ತೆ, ಶಾಲೆ ಎಲ್ಲಿ ಬರಬೇಕು ಅಂತ ಕೌಂಟಿ ಮೊದಲೇ ಬರೆದಿಡುತ್ತದೆ. ಅದೇ ಕಾಂಪ್ರಹೆನ್ಸಿವ್ ಪ್ಲಾನ್. ಊರಲ್ಲಿ ಬಿಡಿಎ ಮಾಸ್ಟರ್ ಪ್ಲಾನ್ ಅಂತ ಕೇಳಿರುತ್ತೀರಲ್ಲ, ಅದೇ ಜಾತಿಯದು. ವರ್ಜೀನಿಯಾದ ಕಾನೂನಿನಂತೆ ಪ್ರತಿ ಕೌಂಟಿಗೂ ಇದು ಇರಲೇಬೇಕು, ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ನಮ್ಮ ಕೌಂಟಿಯದು 2019ರಲ್ಲಿ ಒಪ್ಪಿಗೆಯಾದದ್ದು. ಪೂರ್ವದಲ್ಲಿ ಮೆಟ್ರೋ ಸುತ್ತ ದಟ್ಟ ಊರು, ಅದರ ಪಕ್ಕ ಬಡಾವಣೆಗಳು, ಆಮೇಲೆ ನಡುವಿನ ಪಟ್ಟಿ, ಪಶ್ಚಿಮಕ್ಕೆ ಹೊಲ, ಕುದುರೆ ಫಾರಂ, ದ್ರಾಕ್ಷಿ ತೋಟ ಅಂತ ಸ್ಥೂಲವಾಗಿ ಭಾಗ ಮಾಡಿದ್ದಾರೆ.

ಒಂದು ವಿಷಯ ಚೆನ್ನಾಗಿ ನೆನಪಿಡಿ. ಪ್ಲಾನ್ ಹೇಳುವುದು ಮುಂದೆ ಏನಾಗಬೇಕು ಅಂತ. ಇವತ್ತು ಏನು ಕಟ್ಟಬಹುದು ಅಂತ ಹೇಳುವುದು ಜೋನಿಂಗ್. ಎರಡೂ ನೋಡಬೇಕು. ಜೋನಿಂಗ್‌ನಲ್ಲಿ ಈಗಾಗಲೇ ಅವಕಾಶ ಇರುವುದನ್ನು ಕಟ್ಟಲು ಮಾಲೀಕರು ಯಾವ ಸಾರ್ವಜನಿಕ ವಿಚಾರಣೆಗೂ ಬರಬೇಕಿಲ್ಲ. ಇದನ್ನು ಬೈ-ರೈಟ್ ಅನ್ನುತ್ತಾರೆ. ವ್ಯಾಕ್ಸ್‌ಪೂಲ್ ರಸ್ತೆಯ ಆಚೀಚೆ ನಿಂತಿರುವ ಕಿಟಕಿಯಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳನ್ನು ನೋಡಿದ್ದೀರಲ್ಲ? ಎಷ್ಟೋ ಜಾಗಗಳಲ್ಲಿ ಅವಕ್ಕೆ ಬೈ-ರೈಟ್ ಇತ್ತು. 2025ರ ಮಾರ್ಚ್‌ನಲ್ಲಿ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಅಂದರೆ ಕೌಂಟಿಯ ಚುನಾಯಿತ ಆಡಳಿತ ಮಂಡಳಿ, ಅದನ್ನು ತೆಗೆದು, ಹೊಸದಕ್ಕೆಲ್ಲ ವಿಚಾರಣೆ ಆಗಲೇಬೇಕು ಅಂತ ಮಾಡಿತು. ಅವುಗಳಿಂದ ಲಾಭವಿಲ್ಲ ಅನ್ನಲಾರೆ. ಅವು ಕಟ್ಟುವ ತೆರಿಗೆಯ ನೆರವಿನಿಂದಲೇ ನಮ್ಮ ಮನೆ ತೆರಿಗೆ 2025ರಲ್ಲಿ ನೂರು ಡಾಲರ್ ಬೆಲೆಗೆ 80.5 ಸೆಂಟ್‌ಗೆ ಇಳಿದದ್ದು. ಆದರೂ ಅಡುಗೆಮನೆ ಕಿಟಕಿ ತೆಗೆದರೆ ಅವುಗಳನ್ನು ತಂಪಾಗಿಡುವ ಚಿಲ್ಲರ್‌ ಯಂತ್ರಗಳ ಗುಂಯ್ ಸದ್ದು ಬರುವ ಮನೆಗೆ ಪ್ರೀಮಿಯಂ ಕೊಡೋದು ಬೇಡ.

ನೋಡುವುದು ಕಷ್ಟವಿಲ್ಲ. ಕೌಂಟಿಯ ವೆಬ್‌ಲೋಗಿಸ್ ನಕ್ಷೆ ತೆರೆದು ಮನೆ ವಿಳಾಸ ಹಾಕಿ. ಹಿಂದಿನ ಜಾಗದ ಮೇಲೆ ಒತ್ತಿದರೆ ಅದರ ಜೋನಿಂಗ್ ಸಿಗುತ್ತದೆ. ಪ್ರವಾಹ ಬಯಲು ಅಂತ ಇದ್ದರೆ ಅಥವಾ ಹೆಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಹೆಸರಿನ ತೆರೆದ ಜಾಗವಾಗಿದ್ದರೆ ಮರ ಉಳಿಯುವ ಸಾಧ್ಯತೆ ಜಾಸ್ತಿ. ಯಾವುದೋ ಎಲ್‌ಎಲ್‌ಸಿ (ಖಾಸಗಿ ಕಂಪನಿ) ಹೆಸರಲ್ಲಿದ್ದರೆ ಪ್ಲಾನಿಂಗ್ ಇಲಾಖೆಗೆ ಫೋನ್ ಮಾಡಿ. ಬೇಸರವಿಲ್ಲದೆ ವಿವರಿಸುತ್ತಾರೆ.

ಶಾಲೆ ಬಗ್ಗೆಯೂ ಕೇಳಿದ್ದೀರಿ. ಶಾಲೆಯ ಹೆಸರು ನೋಡಿ ಮನೆ ಕೊಳ್ಳಬೇಡಿ. ಹೊಸ ಶಾಲೆ ತೆರೆದಾಗ ಯಾವ ಮನೆಗೆ ಯಾವ ಶಾಲೆ ಅನ್ನುವ ಗಡಿ ಬದಲಾಗುತ್ತದೆ. ಯಾವ ಶಾಲೆ, ರಸ್ತೆ, ಫೈರ್ ಸ್ಟೇಷನ್‌ಗೆ ಯಾವ ವರ್ಷ ಹಣ ಇಟ್ಟಿದ್ದಾರೆ ಅಂತ ಕೌಂಟಿಯ ಆರು ವರ್ಷದ ಸಿಐಪಿ (ದೊಡ್ಡ ಕಾಮಗಾರಿಗಳ) ಬಜೆಟ್‌ನಲ್ಲಿ ಇರುತ್ತದೆ. ಪ್ಲಾನ್‌ನಲ್ಲಿ ಗೆರೆ ಎಳೆದ ರಸ್ತೆಗೆ ಸಿಐಪಿಯಲ್ಲಿ ದುಡ್ಡಿಲ್ಲದಿದ್ದರೆ ಸದ್ಯಕ್ಕೆ ಅದು ಬರೋದಿಲ್ಲ ಅಂತಲೇ ತಿಳಿಯಿರಿ.

ವೀಸಾದಲ್ಲಿದ್ದೀವಿ, ನಮಗ್ಯಾಕೆ ಇದೆಲ್ಲ ಅನ್ನಬೇಡಿ. ವೋಟು ಇಲ್ಲದಿರಬಹುದು, ತೆರಿಗೆ ಕಟ್ಟುವವರು ನೀವೂ ಹೌದು. ಲೀಸ್‌ಬರ್ಗ್‌ನ ಕೌಂಟಿ ಕಟ್ಟಡದಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ ಹೆಸರು ಕೊಟ್ಟು ಮಾತಾಡಬಹುದು. ಸಿಗುವುದು ಕೆಲವೇ ನಿಮಿಷ, ಹಾಗಾಗಿ ಬರೆದುಕೊಂಡು ಹೋಗಿ. ನಮ್ಮವರು ಇಷ್ಟೊಂದು ಜನ ಇಲ್ಲಿದ್ದೂ ಆ ಮೈಕಿನ ಮುಂದೆ ಕಾಣುವವರು ತೀರಾ ಕಡಿಮೆ. ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇದು. ಮುಂದಿನ ವಿಚಾರಣೆಗೆ ನಾನು ಹೋಗುತ್ತೇನೆ, ಬರುವುದಾದರೆ ಹೇಳಿ, ಒಟ್ಟಿಗೆ ಹೋಗೋಣ.