ಅಮ್ಮನಿಗೆ ಲೋಹದ ಹೃದಯ ಕವಾಟ ಹಾಕಿದ್ದಾರೆ. ಮನೆಯಲ್ಲಿ ನಾವು ಏನೇನು ಗಮನಿಸಬೇಕು?

ಎಲ್ಲಕ್ಕಿಂತ ಮೊದಲು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅಂದರೆ ವಾರ್ಫರಿನ್ ಅಥವಾ ಅಸಿಟ್ರಾಮ್. ಲೋಹದ ಕವಾಟಕ್ಕೆ ಇದು ಜೀವನಪೂರ್ತಿ ಬೇಕು. ದಿನವೂ ಒಂದೇ ಹೊತ್ತಿಗೆ ಕೊಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಕೊಡಬೇಡಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಎಂಬ ರಕ್ತ ಪರೀಕ್ಷೆಯನ್ನು ವೈದ್ಯರು ಹೇಳಿದ ದಿನವೇ ಮಾಡಿಸಿ. ಹಾಕಿರುವುದು ಮೈಟ್ರಲ್ ಕವಾಟವಾದರೆ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ನಿಮ್ಮ ತಾಯಿಯ ಗುರಿ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ.

ಈ ಮಾತ್ರೆ ನುಂಗುವವರು ಸೊಪ್ಪು ತಿನ್ನಲೇಬಾರದು ಎನ್ನುವುದು ನೆಂಟರು ಹಬ್ಬಿಸುವ ಮಾತು. ತಿನ್ನಬಹುದು, ಪ್ರಮಾಣ ಮಾತ್ರ ವಾರವಾರವೂ ಹೆಚ್ಚುಕಡಿಮೆ ಒಂದೇ ಇರಲಿ. ನನಗೆ ಹೆಚ್ಚು ಭಯ ಹುಟ್ಟಿಸುವುದು ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು; ರಕ್ತಸ್ರಾವದ ಅಪಾಯ ಬಹಳ. ನಾಟಿ ಔಷಧ, ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಕೂಡ ಕೇಳದೆ ಬೇಡ.

ಹಲ್ಲು ಕೀಳಿಸುವ ಮೊದಲು ಕವಾಟದ ವಿಷಯ ತಿಳಿಸಿ, ಆಂಟಿಬಯೋಟಿಕ್ ಬೇಕಾಗುತ್ತದೆ. ಜ್ವರ ಬಿಡದಿದ್ದರೆ ಕವಾಟಕ್ಕೆ ಸೋಂಕು ತಗುಲಿರಬಹುದು. ತಾವಾಗಿಯೇ ಆಂಟಿಬಯೋಟಿಕ್ ನುಂಗದೆ ಮೊದಲು ರಕ್ತ ಪರೀಕ್ಷೆ ಮಾಡಿಸಲಿ.

ಬೆಳಿಗ್ಗೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ವೈದ್ಯರಿಗೆ ತಿಳಿಸಿ. ಎದೆಯೊಳಗಿನ ಟಿಕ್ ಟಿಕ್ ಸದ್ದು ಸಹಜ. ಅದು ಇದ್ದಕ್ಕಿದ್ದಂತೆ ಮಂದವಾದರೆ, ಮಾತು ತೊದಲಿದರೆ, ಕೈ ಸೋತರೆ, ಮಲ ಕಪ್ಪಾದರೆ ಅಥವಾ ತಲೆಗೆ ಪೆಟ್ಟು ಬಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.