ಓದುಗರ ಪ್ರಶ್ನೆ: ಇಂಪ್ಲಾಂಟಿನ ಮೈಗೆ ಬ್ಯಾಕ್ಟೀರಿಯಾ ಅಂಟದಂತೆ ಮಾಡುವುದು ಹೇಗೆ?

ಪ್ರಶ್ನೆ: ನುಣುಪಾದ ಮೈಗೆ ಬ್ಯಾಕ್ಟೀರಿಯಾ ಕಡಿಮೆ ಅಂಟುತ್ತದೆ ಎನ್ನುತ್ತಾರೆ. ಹಾಗಿದ್ದರೆ ಹಲ್ಲಿನ ಇಂಪ್ಲಾಂಟ್ ತಯಾರಕರು ದವಡೆಯಲ್ಲಿ ಕೂರಿಸುವ ಟೈಟಾನಿಯಂ ಸ್ಕ್ರೂವನ್ನು ಬೇಕೆಂದೇ ತರಿತರಿ ಮಾಡುವುದೇಕೆ?

ಉತ್ತರ: ತರಿ ಬೇಕಾಗಿರುವುದು ದವಡೆಯ ಎಲುಬಿಗೆ. 250ರಿಂದ 500 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ರಭಸದಿಂದ ಹೊಡೆದರೆ ಲೋಹದಲ್ಲಿ ದೊಡ್ಡ ತಗ್ಗುಗಳು ಬೀಳುತ್ತವೆ. ಆಮೇಲೆ ಬಿಸಿಯಾದ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್‌ಗಳ ಮಿಶ್ರಣದಲ್ಲಿ ಅದ್ದಿದಾಗ ಆ ತಗ್ಗುಗಳ ಒಳಗೇ ಒಂದೆರಡು ಮೈಕ್ರಾನಿನ ಸಣ್ಣ ಗುಳಿಗಳು ಏಳುತ್ತವೆ. ಒಟ್ಟು ಒರಟುತನ (ಮೈಯ ಏರಿಳಿತದ ಸರಾಸರಿ) 1ರಿಂದ 2 ಮೈಕ್ರಾನ್ ಇದ್ದಾಗ ಎಲುಬು ಚೆನ್ನಾಗಿ ಹಿಡಿಯುತ್ತದೆ.

ತೊಂದರೆಯೂ ಅಲ್ಲಿಯೇ. ಬಾಯಿಯ ಎಷ್ಟೋ ಬ್ಯಾಕ್ಟೀರಿಯಾಗಳು ಅರ್ಧದಿಂದ ಒಂದು ಮೈಕ್ರಾನ್ ಅಗಲದವು, ಆ ಗುಳಿಯಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತವೆ. ಬ್ರಷ್ಷಿನ ಎಳೆ ಅಲ್ಲಿಗೆ ಇಳಿಯುವುದಿಲ್ಲ. ಎಲುಬಿನೊಳಗೆ ಹೂತಿರುವವರೆಗೆ ಚಿಂತೆಯಿಲ್ಲ. ಎಲುಬು ಕರಗಿ ತರಿಭಾಗ ಹೊರಬಿದ್ದ ದಿನ, ಎಲುಬನ್ನು ಹಿಡಿದಿದ್ದ ಗುಣವೇ ಪಾಚಿಯನ್ನೂ ಹಿಡಿಯುತ್ತದೆ.

ಆದ್ದರಿಂದ ಒಂದೇ ಸ್ಕ್ರೂಗೆ ಎರಡು ಮೈ ಕೊಡುವುದು ಜಾಣತನ: ಕೆಳಗೆ ತರಿ, ಒಸಡು ತಾಗುವ ಕತ್ತಿನಲ್ಲಿ ನುಣುಪು. ಕತ್ತಿನ ಭಾಗವನ್ನು ಸುಮಾರು 0.2 ಮೈಕ್ರಾನ್ ಒರಟುತನದವರೆಗೆ ಪಾಲಿಶ್ ಮಾಡಿದರೆ ಸಾಕು. ಅದಕ್ಕಿಂತ ನುಣ್ಣಗೆ ಮಾಡಿದರೂ ಅಂಟುವ ಬ್ಯಾಕ್ಟೀರಿಯಾ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲವೆಂದು 1990ರ ದಶಕದ ಪ್ರಯೋಗಗಳೇ ತೋರಿಸಿವೆ. ಗೀರು ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದಾದ ಮೇಲೆ ಅದು ಅಡಗುದಾಣವಾಗಿ ಉಳಿಯುವುದಿಲ್ಲ. ಆದರೆ ಈ ನುಣುಪು ಕತ್ತನ್ನು ಎಲುಬಿನೊಳಗೆ ಇಳಿಸಿಬಿಟ್ಟರೆ, ತರಿ ಶುರುವಾಗುವ ಗೆರೆಯವರೆಗೆ ಎಲುಬು ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಅದು ವಿನ್ಯಾಸದ ದೋಷವಲ್ಲ, ಆಳ ತಪ್ಪಿದ್ದರ ಫಲ.

ಪ್ರಶ್ನೆ: ನಮ್ಮ ಪ್ರಾಜೆಕ್ಟಿನಲ್ಲಿ ಟೈಟಾನಿಯಂ ಬಿಲ್ಲೆಗೆ ಬೆಳ್ಳಿಯ ನ್ಯಾನೋಕಣ ಲೇಪಿಸಿದೆವು. 24 ಗಂಟೆಯಲ್ಲಿ 99.9% ಬ್ಯಾಕ್ಟೀರಿಯಾ ಸತ್ತವು. ಇದನ್ನು ಯಶಸ್ಸು ಎನ್ನಬಹುದೇ?

ಉತ್ತರ: ಅವಸರ ಬೇಡ. ಹತ್ತು ಲಕ್ಷದಲ್ಲಿ 99.9% ಸತ್ತರೆ ಒಂದು ಸಾವಿರ ಉಳಿದವು. ಎರಡು ಗಂಟೆಗೊಮ್ಮೆ ದುಪ್ಪಟ್ಟಾದರೂ ಹತ್ತು ಸಲ ದುಪ್ಪಟ್ಟಾಗುವಷ್ಟರಲ್ಲಿ, ಅಂದರೆ 20 ಗಂಟೆಯಲ್ಲಿ, ಮತ್ತೆ ಹತ್ತು ಲಕ್ಷ. ಅಷ್ಟರಲ್ಲಿ ಸತ್ತವುಗಳ ಹೆಣಗಳೇ ಬೆಳ್ಳಿಯನ್ನು ಮುಚ್ಚಿರುತ್ತವೆ.

ನೀವು ಬಳಸಿದ್ದು ಐಎಸ್‌ಒ 22196 (ಮೈಯ ಮೇಲೆ ಬ್ಯಾಕ್ಟೀರಿಯಾ ಎಷ್ಟು ಕಡಿಮೆಯಾದವೆಂದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ವಿಧಾನವಾಗಿದ್ದರೆ, ಅದರಲ್ಲಿ ಜೊಲ್ಲು ಇಲ್ಲ, ಪರೀಕ್ಷಿಸುವ ಇ. ಕೋಲಿ ಮತ್ತು ಸ್ಟ್ಯಾಫಿಲೋಕಾಕಸ್ ಆರಿಯಸ್ ಇಂಪ್ಲಾಂಟಿನ ಮೇಲೆ ಮೊದಲು ಬಂದು ಕೂರುವ ಜೀವಿಗಳೂ ಅಲ್ಲ. ಬಾಯಿಗೆ ಬಂದ ಯಾವ ಮೈಯನ್ನೂ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನ್ ಪೊರೆ ಮುಚ್ಚುತ್ತದೆ. ಬ್ಯಾಕ್ಟೀರಿಯಾ ಅಂಟುವುದು ಆ ಪೊರೆಗೆ, ನಿಮ್ಮ ಲೇಪಕ್ಕಲ್ಲ. ಹಾಗಾಗಿ ಹೀಗೆ ಮಾಡಿ. ಬಿಲ್ಲೆಗಳನ್ನು 320, 600, 1200 ನಂಬರಿನ ಸಿಲಿಕಾನ್ ಕಾರ್ಬೈಡ್ ಉಪ್ಪುಕಾಗದದಲ್ಲಿ ಕ್ರಮವಾಗಿ ಉಜ್ಜಿ. ಅಸಿಟೋನ್, ಎಥನಾಲ್, ಶುದ್ಧ ನೀರು, ಇವುಗಳಲ್ಲಿ ತಲಾ 10 ನಿಮಿಷ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು, ಲೇಪ ಹಾಕಿ, ಒರಟುತನ ಅಳೆದು ಬರೆದಿಡಿ. ಲೇಪದಿಂದ ಒರಟುತನ ಬದಲಾಗಿದ್ದರೆ ಫಲ ಬೆಳ್ಳಿಯದೋ ನುಣುಪಿನದೋ ಹೇಳಲಾಗದು. ಸ್ಟೆರಿಲೈಸ್ ಮಾಡಿ, ಸೋಸಿದ ಜೊಲ್ಲಿನಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಆಮೇಲೆ ಬಾಯಿಯಲ್ಲಿ ಮೊದಲು ಬಂದು ಕೂರುವ ಸ್ಟ್ರೆಪ್ಟೋಕಾಕಸ್ ಸಾಂಗ್ವಿನಿಸ್ ಬ್ಯಾಕ್ಟೀರಿಯಾ ಬಿಡಿ. ಬರೀ ಟೈಟಾನಿಯಂ ಬಿಲ್ಲೆಗೂ ಇದೇ ಉಪಚಾರ ನಡೆಯಬೇಕು.

ಎಣಿಕೆಯಲ್ಲಿ ಹೆಚ್ಚು ಜನ ಎಡವುತ್ತಾರೆ. ಸಡಿಲವಾಗಿ ಕೂತವನ್ನು ತೆಗೆಯಲು ತೊಳೆಯುವಾಗ ದ್ರವವನ್ನು ಬಿಲ್ಲೆಯ ಮೇಲೆಯೇ ಸುರಿದರೆ ಅಂಟಿದ್ದವೂ ಹೋಗುತ್ತವೆ. ಬದಿಯಿಂದ ಮೆಲ್ಲಗೆ ಬಿಡಬೇಕು. ಇನ್ನು ತರಿ ಬಿಲ್ಲೆಯ ಗುಳಿಗಳಿಂದ ಬ್ಯಾಕ್ಟೀರಿಯಾ ಪೂರ್ತಿ ಬಿಡಿಸಿಕೊಂಡು ಬರುವುದಿಲ್ಲ. ಬಿಡಿಸಿಕೊಂಡು ಬಂದವನ್ನು ಬೆಳೆಸಿದ ತಟ್ಟೆಯಲ್ಲಿ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಕಡಿಮೆ ಕಂಡಾಗ ‘ಸತ್ತಿವೆ’ ಎಂದು ಬರೆಯುತ್ತೀರಿ, ಅವು ಒಳಗೆ ಸುಖವಾಗಿರುತ್ತವೆ. ಬದುಕಿದ್ದವು ಹಸಿರು, ಸತ್ತವು ಕೆಂಪು ಕಾಣುವ ಬಣ್ಣ ಹಾಕಿ, ಬಿಲ್ಲೆಯನ್ನೇ ಕಾನ್‌ಫೋಕಲ್ (ಆಳವನ್ನು ಪದರ ಪದರವಾಗಿ ತೋರಿಸುವ) ಮೈಕ್ರೋಸ್ಕೋಪಿನಲ್ಲಿ ನೋಡಿ.

ಕೊನೆಗೆ, ಬೆಳ್ಳಿಯ ಅಯಾನಿಗೆ ಬ್ಯಾಕ್ಟೀರಿಯಾ ಯಾವುದು, ಒಸಡಿನ ಕೋಶ ಯಾವುದು ಎಂಬ ಭೇದವಿಲ್ಲ. ಐಎಸ್‌ಒ 10993-5 ಎಂಬ, ವೈದ್ಯಕೀಯ ವಸ್ತು ಕೋಶಗಳಿಗೆ ವಿಷವೇ ಎಂದು ಪರೀಕ್ಷಿಸುವ ಮಾನದಂಡದ ಪ್ರಕಾರ ಬದುಕುಳಿದ ಕೋಶಗಳು 70%ಕ್ಕಿಂತ ಕಡಿಮೆಯಾದರೆ ಆ ವಸ್ತು ಕೋಶಗಳಿಗೆ ವಿಷ ಎಂದೇ ಲೆಕ್ಕ. ಕೊಲ್ಲುವ ಲೇಪಕ್ಕಿಂತ, ಒಸಡು ಬೇಗ ಬಂದು ಕೂರಲು ಬಿಡುವ ಮೈ ಮೇಲೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಜೀರುಂಡೆಯ ರೆಕ್ಕೆಯಂತೆ ನ್ಯಾನೋ ಮೊನೆಗಳನ್ನು ಮೂಡಿಸಿದರೆ ಔಷಧವಿಲ್ಲದೇ ಬ್ಯಾಕ್ಟೀರಿಯಾ ಸಾಯುತ್ತವಂತೆ, ನಿಜವೇ?

ಉತ್ತರ: ರೆಕ್ಕೆಯ ಮಟ್ಟಿಗೆ ನಿಜ. 2012ರಲ್ಲಿ ಪ್ರಕಟವಾದ ಕೆಲಸದಲ್ಲಿ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಪೊರೆ ಮೊನೆಗಳ ನಡುವೆ ಜಗ್ಗಿ ಹರಿಯುವುದು ಕಂಡಿತ್ತು. ಆದರೆ ದಪ್ಪ ಗೋಡೆಯ ಗ್ರಾಂ-ಪಾಸಿಟಿವ್ ಜೀವಿಗಳು ಇದಕ್ಕೆ ಅಷ್ಟು ಸುಲಭವಾಗಿ ಮಣಿಯವು, ಬಾಯಿಯಲ್ಲಿ ಮೊದಲು ಬರುವ ಸ್ಟ್ರೆಪ್ಟೋಕಾಕಸ್‌ಗಳೋ ಅದೇ ಜಾತಿ. ಟೈಟಾನಿಯಂ ಮೇಲೆ ಫ್ಲೋರೈಡ್ ದ್ರಾವಣದಲ್ಲಿ ವಿದ್ಯುತ್ ಹರಿಸಿ ಬೆಳೆಸುವ ನ್ಯಾನೋ ಕೊಳವೆಗಳದು ಬೇರೆ ಕಷ್ಟ: ಸ್ಕ್ರೂ ಎಲುಬಿಗೆ ತಿರುಗುತ್ತ ಇಳಿಯುವಾಗ ಆ ಪದರ ಸುಲಿದು ಬರಬಹುದು.

ಪ್ರಶ್ನೆ: ನಮ್ಮ ತಂದೆಯವರಿಗೆ ಇಂಪ್ಲಾಂಟ್ ಹಾಕಿದ್ದಾರೆ. ಆ ನುಣುಪು ಹಾಳಾಗದಂತೆ ನಾವೇನು ನೋಡಿಕೊಳ್ಳಬೇಕು?

ಉತ್ತರ: ಕ್ಲೀನಿಂಗ್‌ಗೆ ಹೋದಾಗ ಇಂಪ್ಲಾಂಟ್ ಇದೆಯೆಂದು ಮೊದಲೇ ಹೇಳಿ. ಮಾಮೂಲಿ ಸ್ಟೀಲಿನ ಉಪಕರಣ ಟೈಟಾನಿಯಂ ಅನ್ನು ಗೀರುತ್ತದೆ. ಟೈಟಾನಿಯಂ ಉಪಕರಣ ಅಥವಾ ಗ್ಲೈಸಿನ್ ಪುಡಿಯ ಜೆಟ್ ಆಗಬೇಕು. ಸಾಮಾನ್ಯ ಫ್ಲೋರೈಡ್ ಪೇಸ್ಟ್ ತೊಂದರೆಯಿಲ್ಲ. ಆದರೆ ಕ್ಲಿನಿಕ್ಕಿನಲ್ಲಿ ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್ (1.23%, ಪಿಎಚ್ ಸುಮಾರು 3.5) ಟೈಟಾನಿಯಂನ ಆಕ್ಸೈಡ್ ಪೊರೆಯನ್ನು ತಿನ್ನಬಲ್ಲದು, ಇಂಪ್ಲಾಂಟಿಗೆ ಬೇಡವೆನ್ನಿ. ಹಲ್ಲು ಕೂರಿಸಿದ ದಿನದ ಎಕ್ಸ್‌-ರೇ ತೆಗೆದಿಟ್ಟುಕೊಳ್ಳಿ. ಎಲುಬು ಇಳಿದಿದೆಯೇ ಎಂದು ಮುಂದೆ ಹೋಲಿಸಲು ಅದೇ ಆಧಾರ.